ಬೆಟ್ಟದ ಜನ ಕಟ್ಟಿದ ಊರುಗಳು: ಕುರ್ದಿಶ್ ನಗರಗಳು ರೂಪುಗೊಂಡ ಬಗೆ

ಕುರ್ದರ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಹೆಚ್ಚಾಗಿ ಒಂದೇ ಬಗೆಯ ಚಿತ್ರ ಇರುತ್ತದೆ: ಬೋಳು ಬೆಟ್ಟ, ಡೇರೆ, ಬಂದೂಕು ಹಿಡಿದ ಯೋಧರು. “ಬೆಟ್ಟಗಳನ್ನು ಬಿಟ್ಟರೆ ನಮಗೆ ಸ್ನೇಹಿತರಿಲ್ಲ” ಎಂಬ ಕುರ್ದಿಶ್ ಗಾದೆಯೂ ಅಷ್ಟೇ ಪ್ರಸಿದ್ಧ. ಹೀಗಾಗಿ ಕುರ್ದರೆಂದರೆ ಕುರಿ ಕಾಯುತ್ತ ಅಲೆದವರು, ನಗರವೆಂಬುದು ಅರಬರೋ ತುರ್ಕರೋ ಪರ್ಷಿಯನ್ನರೋ ಅವರಿಗೆ ಕಟ್ಟಿಕೊಟ್ಟದ್ದು ಎಂಬ ಭಾವನೆ ಬೇರೂರಿದೆ. ಕುರ್ದರ ನಾಡಿನ ಹಳೆಯ ಊರುಗಳ ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿದರೂ ಈ ಭಾವನೆ ನಿಲ್ಲುವುದಿಲ್ಲ. ಎರ್ಬಿಲ್, ಸುಲೈಮಾನಿಯಾ, ಅಮೇದಿ, ಆಕ್ರೆ, ಸನಂದಜ್, ಮಹಾಬಾದ್, ದಿಯಾರ್‌ಬಕಿರ್, ಬಿಟ್ಲಿಸ್ — ಇವು ಒಂದರಂತೆ ಇನ್ನೊಂದಿಲ್ಲದ ಊರುಗಳು. ಆದರೂ ಅವುಗಳನ್ನು ಬೆಳೆಸಿದ ಕಾರಣಗಳು ಒಂದೇ ಮಣ್ಣಿನಿಂದ ಬಂದವು.

ಈ ನಾಡು ಇಂದು ಟರ್ಕಿ, ಇರಾಕ್, ಇರಾನ್, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹರಿದು ಹಂಚಿಹೋಗಿದೆ. ಅದರ ಬೆನ್ನೆಲುಬು ಜಾಗ್ರೋಸ್ ಮತ್ತು ತಾರಸ್ ಪರ್ವತ ಸಾಲುಗಳು. ಬೆಟ್ಟದ ಬುಡದಲ್ಲಿ ಗೋಧಿ ಬೆಳೆಯುವ ಬಯಲು, ನಡುವೆ ಓಕ್ ಕಾಡು, ಮೇಲೆ ಬೇಸಿಗೆಯ ಹುಲ್ಲುಗಾವಲು. ಪಶುಪಾಲಕ ಬುಡಕಟ್ಟುಗಳು ಚಳಿಗಾಲದಲ್ಲಿ ಕೆಳಗಿಳಿದು, ಬೇಸಿಗೆಗೆ ಮೇಲೇರುತ್ತಿದ್ದವು. ಈ ಏರಿಳಿತದ ದಾರಿಗಳು ಬಯಲಿನ ವ್ಯಾಪಾರದ ದಾರಿಗಳನ್ನು ಎಲ್ಲಿ ಕೂಡಿದವೋ ಅಲ್ಲಿ ಪೇಟೆಗಳು ಹುಟ್ಟಿದವು. ಉಣ್ಣೆ, ತುಪ್ಪ, ಚರ್ಮ, ಜೇನು, ತಂಬಾಕು, ಒಣದ್ರಾಕ್ಷಿ ಅಲ್ಲಿ ಕೈ ಬದಲಾಯಿಸುತ್ತಿದ್ದವು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಮಾಚಿಕಾಯಿ ಎಂದು ಸಿಗುವ ಓಕ್ ಮರದ ಗಂಟು ಈ ಕಾಡುಗಳ ದೊಡ್ಡ ಸರಕಾಗಿತ್ತು. ಚರ್ಮ ಹದ ಮಾಡಲು, ಬಣ್ಣ ಹಾಕಲು, ಶಾಯಿ ತಯಾರಿಸಲು ಅದು ಮೊಸೂಲ್ ಮತ್ತು ಅಲೆಪ್ಪೊ ಮೂಲಕ ದೂರದೂರಕ್ಕೆ ಹೋಗುತ್ತಿತ್ತು. ಅಲೆಮಾರಿ ಬದುಕು ನಗರಕ್ಕೆ ವಿರುದ್ಧವಾಗಿತ್ತು ಎನ್ನುವುದು ಇಲ್ಲಿ ತಪ್ಪಾಗುತ್ತದೆ. ಆ ಬದುಕಿಲ್ಲದೆ ಈ ನಗರಗಳಿಗೆ ಅಂಗಡಿಯೂ ಇರುತ್ತಿರಲಿಲ್ಲ, ಗಿರಾಕಿಯೂ ಇರುತ್ತಿರಲಿಲ್ಲ.

ಎರಡನೆಯ ಕಾರಣ ರಾಜಕೀಯ. 1514ರ ಚಾಲ್ದಿರಾನ್ ಯುದ್ಧದ ನಂತರ ಕುರ್ದರ ನಾಡು ತುರ್ಕರ ಒಟ್ಟೊಮನ್ ಮತ್ತು ಇರಾನಿನ ಸಫಾವಿ ಸಾಮ್ರಾಜ್ಯಗಳ ಗಡಿಪ್ರದೇಶವಾಯಿತು. 1639ರ ಜುಹಾಬ್ ಒಪ್ಪಂದ ಆ ಗಡಿಯನ್ನು ಹೆಚ್ಚುಕಡಿಮೆ ಗಟ್ಟಿಗೊಳಿಸಿತು. ದೂರದ ಇಸ್ತಾಂಬುಲ್‌ನಿಂದಲೋ ಇಸ್ಫಹಾನ್‌ನಿಂದಲೋ ಈ ಬೆಟ್ಟಗಳನ್ನು ನೇರವಾಗಿ ಆಳುವುದು ಕಷ್ಟವಾಗಿತ್ತು. ಹಾಗಾಗಿ ಎರಡೂ ಕಡೆಯವರು ಸ್ಥಳೀಯ ಕುರ್ದಿಶ್ ದೊರೆಗಳನ್ನು ಅವರವರ ಗದ್ದುಗೆಯಲ್ಲಿ ಉಳಿಸಿ, ಪ್ರತಿಯಾಗಿ ಸೈನ್ಯ ಮತ್ತು ನಿಷ್ಠೆಯನ್ನು ಕೇಳಿದರು. ಈ ದೊರೆಗಳೇ ಮೀರ್‌ಗಳು. ಸುಲೈಮಾನಿಯಾ ಕಡೆ ಬಾಬಾನರು, ರವಾಂದುಜ್‌ನಲ್ಲಿ ಸೋರಾನರು, ಅಮೇದಿಯಲ್ಲಿ ಬಹ್ದಿನಾನರು, ಜಿಜ್ರೆಯಲ್ಲಿ ಬೋತಾನರು, ಇರಾನ್ ಕಡೆಯ ಸನಂದಜ್‌ನಲ್ಲಿ ಅರ್ದಲಾನರು, ಇಂದಿನ ಮಹಾಬಾದ್‌ನಲ್ಲಿ ಮುಕ್ರಿಗಳು ಆಳಿದರು. ಬಿಟ್ಲಿಸ್‌ನ ಮೀರ್ ಶರಫ್ ಖಾನ್ 1597ರಲ್ಲಿ ಈ ರಾಜವಂಶಗಳೆಲ್ಲದರ ಚರಿತ್ರೆಯನ್ನು ಪರ್ಷಿಯನ್ ಭಾಷೆಯಲ್ಲಿ ಬರೆದು ಮುಗಿಸಿದ. ತನ್ನ ಕುಲದ ಜೊತೆಗೆ ನೆರೆಹೊರೆಯ ಕುಲಗಳ ಇತಿಹಾಸವನ್ನೂ ಬರೆಯಬೇಕೆನಿಸಿದ ದೊರೆಯ ಆಸ್ಥಾನ ಎಂಥದಿತ್ತು ಎಂಬುದನ್ನು ಊಹಿಸಬಹುದು.

ಕುರ್ದಿಶ್ ನಗರವನ್ನು ಅರ್ಥಮಾಡಿಕೊಳ್ಳಲು ನಾನು ಮೊದಲು ಕೇಳುವ ಪ್ರಶ್ನೆ ಇದು: ಮೀರನ ಮನೆ ಎಲ್ಲಿತ್ತು? ಅದು ಗೊತ್ತಾದರೆ ಮಸೀದಿ, ಪೇಟೆ, ನೀರು, ಕೇರಿಗಳ ಜಾಗ ತಾನಾಗಿ ತಿಳಿಯುತ್ತ ಹೋಗುತ್ತದೆ. ಮೀರನ ಅಧಿಕಾರ ಹೋದ ಮೇಲೆ ನಗರಕ್ಕೆ ಏನಾಯಿತು ಎಂಬುದೂ ಆಗಲೇ ಸ್ಪಷ್ಟವಾಗುತ್ತದೆ.

ಎರ್ಬಿಲ್: ಮನೆಗಳೇ ಕೋಟೆಗೋಡೆ

ಮೀರ್‌ಗಳಿಗಿಂತ ಸಾವಿರಾರು ವರ್ಷ ಹಳೆಯ ಊರಿನಿಂದಲೇ ಶುರುಮಾಡಬೇಕು. ಕುರ್ದರು ಹೆವ್ಲೇರ್ ಎಂದು ಕರೆಯುವ ಎರ್ಬಿಲ್ ಇಂದು ಇರಾಕಿನ ಕುರ್ದಿಸ್ತಾನ ಪ್ರಾಂತದ ರಾಜಧಾನಿ. ಅದರ ನಡುವೆ ಮೊಟ್ಟೆಯಾಕಾರದ ದಿಬ್ಬವೊಂದಿದೆ. ಎತ್ತರ 25ರಿಂದ 32 ಮೀಟರ್, ವಿಸ್ತೀರ್ಣ ಸುಮಾರು 10 ಹೆಕ್ಟೇರ್. ಇದು ಪ್ರಕೃತಿ ಎಬ್ಬಿಸಿದ ಗುಡ್ಡವಲ್ಲ. ಮಣ್ಣಿನ ಇಟ್ಟಿಗೆಯ ಮನೆ ಒಂದೆರಡು ತಲೆಮಾರಿನಲ್ಲಿ ಹಳತಾಗಿ ಕುಸಿಯುತ್ತದೆ. ಅದನ್ನು ಹೊತ್ತೊಯ್ದು ಹೊರಗೆಸೆಯುವುದಕ್ಕಿಂತ ಅಲ್ಲೇ ಸಮತಟ್ಟು ಮಾಡಿ ಮೇಲೆ ಇನ್ನೊಂದು ಮನೆ ಕಟ್ಟುವುದು ಸುಲಭ. ಹೀಗೆ ಮನೆಯ ಮೇಲೆ ಮನೆ, ಓಣಿಯ ಮೇಲೆ ಓಣಿ ಬಂದು ಊರೇ ಮೇಲೆದ್ದಿದೆ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಮೆಸೊಪೊಟೇಮಿಯಾದ ಬರಹಗಳಲ್ಲಿ ಇದರ ಹೆಸರಿದೆ. ಅಸ್ಸೀರಿಯನ್ನರ ಕಾಲದಲ್ಲಿ ಇಶ್ತಾರ್ ದೇವತೆಯ ಪ್ರಸಿದ್ಧ ದೇವಾಲಯ ಇಲ್ಲಿತ್ತು. ಕ್ರಿಸ್ತಪೂರ್ವ 331ರಲ್ಲಿ ಅಲೆಗ್ಸಾಂಡರ್ ಪರ್ಷಿಯಾದ ಮೂರನೆಯ ದಾರಿಯುಷನನ್ನು ಸೋಲಿಸಿದ ಗೌಗಮೇಲಾ ಯುದ್ಧಕ್ಕೆ ಈ ಊರಿನ ಹಳೆಯ ಹೆಸರಿನಿಂದ ‘ಅರ್ಬೇಲಾ ಯುದ್ಧ’ ಎಂದೂ ಹೇಳುವುದುಂಟು.

ಕೆಳಗೆ ನಿಂತು ತಲೆಯೆತ್ತಿದರೆ ದಿಬ್ಬದ ಅಂಚಿನುದ್ದಕ್ಕೂ ಎತ್ತರದ ಇಟ್ಟಿಗೆ ಗೋಡೆ ಕಾಣುತ್ತದೆ. ಕೋಟೆಗೋಡೆ ಎಂದು ಯಾರೂ ಭಾವಿಸುವಂತಿದೆ. ಹತ್ತಿರ ಹೋಗಿ ಗಮನಿಸಿದರೆ ಅದರಲ್ಲಿ ಕಿಟಕಿಗಳಿವೆ. ಅದು ಅಂಚಿನಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತ ಮನೆಗಳ ಹಿಂಗೋಡೆ! ಪ್ರತಿಯೊಂದು ಕುಟುಂಬ ತನ್ನ ಮನೆಯನ್ನು ಭದ್ರ ಮಾಡಿಕೊಂಡಾಗ ಊರೂ ಭದ್ರವಾಗುತ್ತಿತ್ತು. ರಕ್ಷಣೆಗೆಂದು ಬೇರೆ ಗೋಡೆ ಕಟ್ಟಿ ಅದನ್ನು ಕಾಯುವ ಖರ್ಚನ್ನು ಮನೆಗಳೇ ಹಂಚಿಕೊಂಡ ಈ ಏರ್ಪಾಟು ನನಗೆ ಎರ್ಬಿಲ್‌ನ ಎಲ್ಲ ವಿವರಗಳಲ್ಲಿ ಅತಿ ಸೊಗಸಾಗಿ ಕಾಣುತ್ತದೆ.

ದಕ್ಷಿಣದ ಹೆಬ್ಬಾಗಿಲು ಊರಿನ ಮುಖ್ಯ ದ್ವಾರ. ಅಲ್ಲಿಂದ ಓಣಿಗಳು ಬೀಸಣಿಗೆಯ ಕಡ್ಡಿಗಳಂತೆ ಒಳಕ್ಕೆ ಹರಡಿ, ಕವಲೊಡೆದು, ಕಿರಿದಾಗುತ್ತ ಕೊನೆಗೆ ನಾಲ್ಕೈದು ಮನೆಗಳಿಗೆ ಮಾತ್ರ ದಾರಿ ಕೊಡುವ ಸಂದಿಗಳಾಗಿ ಮುಗಿಯುತ್ತವೆ. ಹೊರಗಿನವನಿಗೆ ಇದು ಗೊಂದಲದ ಗೂಡು. ಒಳಗಿನವರ ಲೆಕ್ಕವೇ ಬೇರೆ. ಹೆಬ್ಬಾಗಿಲ ಬಳಿಯ ದಾರಿ ಎಲ್ಲರದು, ಕೇರಿಯ ಓಣಿ ಕೇರಿಯವರದು, ಕೊನೆಯ ಸಂದಿ ಆ ನಾಲ್ಕೈದು ಮನೆಗಳದು. ಒಳಕ್ಕೆ ಹೋದಂತೆ ಅಪರಿಚಿತನ ಹಕ್ಕು ಕಡಿಮೆಯಾಗುತ್ತದೆ, ಹೆಂಗಸರು ಮಕ್ಕಳ ಓಡಾಟ ಹೆಚ್ಚು ನಿರಾಳವಾಗುತ್ತದೆ. ಯಾವ ಫಲಕವೂ ಇಲ್ಲದೆ ಓಣಿಯ ಅಗಲವೇ ಇದನ್ನು ತಿಳಿಸುತ್ತಿತ್ತು.

ದಿಬ್ಬದ ಮೇಲೆ ಮೂರು ಮೊಹಲ್ಲಾಗಳಿದ್ದವು. ಪೂರ್ವದ ಸರಾಯ್‌ನಲ್ಲಿ ದೊಡ್ಡ ಮನೆತನಗಳು, ನಡುವಿನ ತಕ್ಯಾದಲ್ಲಿ ಸೂಫಿ ದರ್ವೇಶಿಗಳ ಮಠಗಳು, ಪಶ್ಚಿಮದ ತೋಪ್‌ಖಾನಾದಲ್ಲಿ ಕುಶಲಕರ್ಮಿಗಳು ಮತ್ತು ರೈತರು. ಮಸೀದಿ, 1775ರಲ್ಲಿ ಕಟ್ಟಿದ ಹಮಾಮ್ ಎಂಬ ಸಾರ್ವಜನಿಕ ಸ್ನಾನಗೃಹ ಮತ್ತು ಆಳವಾದ ಬಾವಿಗಳು ಎಲ್ಲರಿಗೂ ಸೇರಿದ್ದವು. ಪೇಟೆ ಮಾತ್ರ ಮೇಲಿರಲಿಲ್ಲ. ಅದು ದಕ್ಷಿಣ ಬಾಗಿಲಿನ ಕೆಳಗೆ, ದಿಬ್ಬದ ಬುಡದಲ್ಲಿ ಬೆಳೆಯಿತು. ಒಂಟೆ, ಹೇಸರಗತ್ತೆಗಳ ಸಾಲು ಕಡಿದಾದ ಏರನ್ನು ಹತ್ತಬೇಕಿರಲಿಲ್ಲ. ಮೊಸೂಲ್, ಬಾಗ್ದಾದ್, ರವಾಂದುಜ್ ಕಡೆಯ ದಾರಿಗಳೆಲ್ಲ ಬುಡದಲ್ಲೇ ಕೂಡುತ್ತಿದ್ದವು.

ಕೆಳಗಿನ ಊರು ಹಿರಿದಾಗಿದ್ದ ಕಾಲವೊಂದಿತ್ತು. 1190ರಿಂದ 1232ರವರೆಗೆ ಇಲ್ಲಿ ಆಳಿದ ಮುಜಫ್ಫರುದ್ದೀನ್ ಗೋಕ್‌ಬೋರಿ ತುರ್ಕ್ ಮೂಲದ ದೊರೆ, ಕುರ್ದ್ ಮೂಲದ ಸುಲ್ತಾನ ಸಲಾಹುದ್ದೀನನ ಭಾವಮೈದುನ. ಅವನು ನಡೆಸುತ್ತಿದ್ದ ಪ್ರವಾದಿ ಜಯಂತಿಯ ಉತ್ಸವಕ್ಕೆ ದೂರದ ಊರುಗಳಿಂದ ವಿದ್ವಾಂಸರೂ ಸೂಫಿಗಳೂ ಬರುತ್ತಿದ್ದರು. ಅವನ ಕಾಲದ ಇಟ್ಟಿಗೆಯ ಮಿನಾರು ಸುಮಾರು 36 ಮೀಟರ್ ಎತ್ತರಕ್ಕೆ ಇಂದೂ ನಿಂತಿದೆ. ಅದು ದಿಬ್ಬದಿಂದ ಎಷ್ಟು ದೂರದಲ್ಲಿದೆ ಎಂದು ನೋಡಿದರೆ ಆಗಿನ ಊರಿನ ಹರವು ತಿಳಿಯುತ್ತದೆ. ಮಂಗೋಲರ ದಾಳಿಯ ನಂತರ ಕೆಳಗಿನ ಊರು ಕುಗ್ಗಿತು, ಜನ ಮತ್ತೆ ದಿಬ್ಬಕ್ಕೆ ಅಂಟಿಕೊಂಡರು. ಶಾಂತಿಯ ಕಾಲದಲ್ಲಿ ಇಳಿದು ಹರಡುವುದು, ಆಪತ್ತಿನಲ್ಲಿ ಮೇಲೇರಿ ಒತ್ತೊತ್ತಾಗುವುದು ಎರ್ಬಿಲ್‌ನಲ್ಲಿ ಮತ್ತೆ ಮತ್ತೆ ನಡೆದಿದೆ.

ಮನೆಗಳ ಒಳಗೆ ಹೋದರೆ ಹವಾಮಾನದ ಜೊತೆ ನಡೆಸಿದ ಹೊಂದಾಣಿಕೆ ಕಾಣುತ್ತದೆ. ಎರ್ಬಿಲ್‌ನ ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುವುದುಂಟು. ಮನೆ ಓಣಿಗೆ ಬೆನ್ನು ಮಾಡಿ, ನಡುವಿನ ಅಂಗಳಕ್ಕೆ ಮುಖ ಮಾಡಿರುತ್ತದೆ. ಅಂಗಳದ ಒಂದು ಬದಿಗೆ ಮೂರು ಕಡೆ ಗೋಡೆ, ಒಂದು ಕಡೆ ಬಯಲಾದ ಐವಾನ್. ಕೆಲವು ಮನೆಗಳಲ್ಲಿ ಮೊಸೂಲ್ ಕಡೆಯ ಬಿಳಿ ಕಲ್ಲಿನ ಕಂಬಗಳ ಸಾಲು. ನೆಲದಡಿ ಅರ್ಧ ಹೂತಂತಿರುವ ಸರ್ದಾಬ್ ಎಂಬ ಕೋಣೆ ಬೇಸಿಗೆಯ ಮಧ್ಯಾಹ್ನಕ್ಕೆ. ರಾತ್ರಿ ಮಲಗಲು ಮಾಳಿಗೆ. ಒಂದೇ ದಿನದಲ್ಲಿ ಮನೆಯವರು ನೆಲಮಾಳಿಗೆಯಿಂದ ಮೇಲ್ಮಾಳಿಗೆಯವರೆಗೆ ವಲಸೆ ಹೋಗುತ್ತಿದ್ದರು. ಬೆಟ್ಟದ ಬುಡಕಟ್ಟುಗಳು ವರ್ಷಕ್ಕೊಮ್ಮೆ ಮಾಡುತ್ತಿದ್ದುದನ್ನು ಇವರು ಹಗಲು ರಾತ್ರಿಗಳ ನಡುವೆ ಮಾಡುತ್ತಿದ್ದರು.

ಬೆಟ್ಟವೇ ನಕ್ಷೆ ಬರೆದ ಊರುಗಳು

ಬಯಲಿನಿಂದ ಉತ್ತರಕ್ಕೆ ಹೋದಂತೆ ಜಾಗವೇ ಊರಿನ ಆಕಾರವನ್ನು ನಿರ್ಧರಿಸುತ್ತದೆ. ಬಹ್ದಿನಾನರ ರಾಜಧಾನಿ ಅಮೇದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, ನಾಲ್ಕೂ ಕಡೆ ಕಡಿದು ನಿಲ್ಲಿಸಿದಂತಿರುವ ಚಪ್ಪಟೆ ಬಂಡೆಯ ಮೇಲಿದೆ. ಉದ್ದ ಸುಮಾರು ಒಂದು ಕಿಲೋಮೀಟರ್, ಅಗಲ ಅದರ ಅರ್ಧ. ಇಂಥ ಊರು ಬೆಳೆಯಲಾರದು, ತುಂಬಬಲ್ಲದು ಅಷ್ಟೆ. ಪಶ್ಚಿಮದ ಬಹ್ದಿನಾನ್ ಬಾಗಿಲು ಕೆತ್ತನೆಗಳೊಂದಿಗೆ ಈಗಲೂ ಉಳಿದಿದೆ. ಮೊಸೂಲ್ ಕಡೆಯ ದಾರಿ ಅಲ್ಲಿಂದಲೇ ಇಳಿಯುತ್ತಿತ್ತು. ಇಷ್ಟು ಚಿಕ್ಕ ಬಂಡೆಯ ಮೇಲೆ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಒಟ್ಟಿಗೆ ಬಾಳಿದರು. ಹನ್ನೆರಡನೆಯ ಶತಮಾನದಲ್ಲಿ ತನ್ನನ್ನು ಯಹೂದಿಗಳು ಕಾಯುತ್ತಿದ್ದ ಉದ್ಧಾರಕ ಮಸೀಹನೆಂದು ಸಾರಿಕೊಂಡು ದಂಗೆ ಎದ್ದ ಯಹೂದಿ ದಾವೀದ್ ಅಲ್ರೋಯ್ ಈ ಊರಿನವನು.

ಆಕ್ರೆಯಲ್ಲಿ ಬಂಡೆಯ ತುದಿಯ ಬದಲು ಬೆಟ್ಟದ ಮೈಯೇ ಊರು. ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕೆಳಗಿನವರ ಮಾಳಿಗೆ ಮೇಲಿನವರ ಅಂಗಳ. ಕೃಷಿಗೆ ಯೋಗ್ಯವಾದ ಕಣಿವೆಯ ನೆಲವನ್ನು ಮನೆಗಳಿಗೆ ಕಳೆದುಕೊಳ್ಳದಿರಲು, ಪ್ರವಾಹದಿಂದ ದೂರವಿರಲು, ಎಲ್ಲರಿಗೂ ಚಳಿಗಾಲದ ಬಿಸಿಲು ಸಿಗಲು ಇದೇ ದಾರಿ. ಮಣ್ಣಿನ ಮಾಳಿಗೆಗೆ ಪಾಪ್ಲಾರ್ ಮರದ ತೊಲೆ, ಮೇಲೆ ರೆಂಬೆ, ಅದರ ಮೇಲೆ ತುಳಿದ ಮಣ್ಣು. ಹಿಮ ಬಿದ್ದಾಗ ಅದನ್ನು ತಕ್ಷಣ ಗೋರಿ ತಳ್ಳಬೇಕು. ಮಳೆ ನಿಂತ ಮೇಲೆ ಕಲ್ಲಿನ ಉರುಳೆ ಉರುಳಿಸಿ ಮಣ್ಣನ್ನು ಗಟ್ಟಿ ಮಾಡಬೇಕು. ಒಬ್ಬರು ಸೋಮಾರಿಯಾದರೆ ಸೋರುವುದು ಅವರ ಮನೆ ಮಾತ್ರವಲ್ಲ, ಮೇಲಿನವರ ಅಂಗಳವೂ ಕುಸಿಯುತ್ತದೆ. ನೆರೆಹೊರೆಯ ಕಟ್ಟುಪಾಡುಗಳು ಈ ಊರುಗಳಲ್ಲಿ ಅಷ್ಟು ಬಿಗಿಯಾಗಿದ್ದುದಕ್ಕೆ ಮಾಳಿಗೆಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಇಂದಿನ ಟರ್ಕಿಯ ಬಿಟ್ಲಿಸ್‌ನಲ್ಲಿ ಮೀರನ ಕೋಟೆ ಬಂಡೆಯ ಮೇಲೆ, ಊರು ಅದರ ಕೆಳಗಿನ ತೊರೆಗಳ ಕಣಿವೆಯಲ್ಲಿ. 1655ರಲ್ಲಿ ಅಲ್ಲಿಗೆ ಬಂದ ಒಟ್ಟೊಮನ್ ಪ್ರವಾಸಿ ಎವ್ಲಿಯಾ ಚೆಲೆಬಿ ಮೀರ್ ಅಬ್ದಾಲ್ ಖಾನನ ತೋಟಗಳನ್ನೂ ಸ್ನಾನಗೃಹವನ್ನೂ ಬೆರಗಿನಿಂದ ಬಣ್ಣಿಸಿದ್ದಾನೆ.

ಮೀರ್‌ಗಳು ಹೊಸದಾಗಿ ಹಾಕಿದ ಅಡಿಪಾಯ

ನಿಜವಾಗಿ ಕುರ್ದಿಶ್ ದೊರೆಗಳು ಆಯ್ದು ಕಟ್ಟಿದ ರಾಜಧಾನಿಗಳೂ ಇವೆ. ಅರ್ದಲಾನರ ಸುಲೈಮಾನ್ ಖಾನ್ 1636ರಲ್ಲಿ ಬೆಟ್ಟದ ಹಸನಾಬಾದ್ ಕೋಟೆಯನ್ನು ಬಿಟ್ಟು ಸನಂದಜ್‌ಗೆ ಇಳಿದ. ಸಫಾವಿ ಷಾಗೆ ತನ್ನ ಸಾಮಂತರು ಎತ್ತರದ ಕೋಟೆಗಳಲ್ಲಿ ಕೂರುವುದು ಇಷ್ಟವಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಮೀರ್ ಎತ್ತರವನ್ನು ಪೂರ್ತಿ ಬಿಡಲಿಲ್ಲ. ಬಯಲಿನ ನಡುವಿನ ಸಣ್ಣ ದಿಬ್ಬದ ಮೇಲೆ ಆಡಳಿತದ ಕೋಟೆ ಕಟ್ಟಿ, ಅದರ ಹತ್ತಿರದಲ್ಲಿ ಆಯತಾಕಾರದ ಮುಚ್ಚಿದ ಪೇಟೆಯನ್ನು ನಿಲ್ಲಿಸಿದ. ಕೇರಿಗಳು ಸುತ್ತಲೂ ಹಬ್ಬಿದವು. ಕತಾರ್ಚಿಯಾನ್ ಎಂಬ ಕೇರಿ ಹೇಸರಗತ್ತೆ ಸಾಲುಗಳನ್ನು ನಡೆಸುವವರದು. ಊರಿನ ಹೊಟ್ಟೆಪಾಡು ಯಾವುದೆಂದು ಆ ಹೆಸರೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮಾನುಲ್ಲಾ ಖಾನ್ ದಾರುಲ್ ಇಹ್ಸಾನ್ ಎಂಬ ಮಸೀದಿ-ವಿದ್ಯಾಶಾಲೆಯನ್ನು ಕಟ್ಟಿಸಿ, ಊರ ಹೊರಗಿನ ಖುಸ್ರವಾಬಾದ್‌ನಲ್ಲಿ ಅರಮನೆ ಮತ್ತು ಉದ್ಯಾನವನ್ನು ಬೆಳೆಸಿದ. ಅವನ ಸೊಸೆ ಮಸ್ತೂರಾ ಅರ್ದಲಾನ್ ಕವಿಯಾಗಿದ್ದಳು, ತನ್ನ ರಾಜವಂಶದ ಇತಿಹಾಸವನ್ನೂ ಬರೆದಳು. ಆ ಕಾಲದ ಮಧ್ಯಪ್ರಾಚ್ಯದಲ್ಲಿ ಇತಿಹಾಸ ಬರೆದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅಂಥ ಒಬ್ಬಳು ಈ ಊರಿನಲ್ಲಿ ಬೆಳೆದಳು.

ಸುಲೈಮಾನಿಯಾ ಇನ್ನೂ ಕಿರಿಯ ಊರು. ಬಾಬಾನ್ ದೊರೆ ಇಬ್ರಾಹಿಂ ಪಾಷಾ 1784ರಲ್ಲಿ ಇಕ್ಕಟ್ಟಾದ ಕಲಾಚ್ವಾಲಾನ್ ಕಣಿವೆಯಿಂದ ಗದ್ದುಗೆಯನ್ನು ಗೊಯ್ಜಾ ಬೆಟ್ಟದ ಬುಡದ ವಿಶಾಲ ಜಾಗಕ್ಕೆ ಬದಲಾಯಿಸಿದ. ಅಲ್ಲಿ ಮಲ್ಕಂದಿ ಎಂಬ ಹಳ್ಳಿ ಮೊದಲೇ ಇತ್ತು; ಅದು ಹೊಸ ಊರಿನ ಒಂದು ಕೇರಿಯಾಗಿ ಕರಗಿತು. ನಡುವೆ ಮೀರನ ಸರಾಯ್ ಅಂದರೆ ಅರಮನೆ, ಪಕ್ಕದಲ್ಲಿ ದೊಡ್ಡ ಮಸೀದಿ, ಅವುಗಳಿಗೆ ಅಂಟಿಕೊಂಡ ಪೇಟೆ ಮತ್ತು ಹಮಾಮ್. ಸುತ್ತ ಕೋಟೆಗೋಡೆ ಇರಲಿಲ್ಲ. ಬೆಟ್ಟವನ್ನು ನೆಚ್ಚಿಕೊಂಡ ಊರಿದು.

ಆ ಬೆಟ್ಟ ನೀರನ್ನೂ ಕೊಟ್ಟಿತು. ಇಳಿಜಾರಿನಲ್ಲಿ ಒಂದು ತಾಯಿಬಾವಿ ತೋಡಿ, ಅಂತರ್ಜಲ ಸಿಕ್ಕ ಮೇಲೆ ಅಲ್ಲಿಂದ ಊರಿನವರೆಗೆ ನೆಲದಡಿ ಸಣ್ಣ ಇಳಿಜಾರಿನ ಸುರಂಗ ಕೊರೆಯುತ್ತಾರೆ. ನಡುನಡುವೆ ಗಾಳಿಗೆ, ಹೂಳೆತ್ತುವುದಕ್ಕೆ ನೇರ ಬಾವಿಗಳು. ಪಂಪಿಲ್ಲದೆ, ಬಿಸಿಲಿಗೆ ಆವಿಯಾಗದೆ, ನೀರು ತನ್ನ ಭಾರಕ್ಕೇ ಹರಿದು ಬರುತ್ತದೆ. ಇದೇ ಕರೇಜ್. ಬಹಮನಿಗಳ ಕಾಲದಲ್ಲಿ ಪರ್ಷಿಯನ್ ತಂತ್ರಜ್ಞಾನದಿಂದ ಬೀದರ್‌ನ ನೌಬಾದ್‌ನಲ್ಲಿ ಕೊರೆದ ಸುರಂಗವೂ ಇದೇ ವಿದ್ಯೆಯದು. ಸುಲೈಮಾನಿಯಾದಲ್ಲಿ ಕರೇಜ್‌ನ ನೀರು ಮೊದಲು ಮಸೀದಿಯ ತೊಟ್ಟಿಗೆ, ಹಮಾಮ್‌ಗೆ, ಕೇರಿಯ ಸಾರ್ವಜನಿಕ ತೊಟ್ಟಿಗಳಿಗೆ, ಕೊನೆಗೆ ತೋಟಗಳಿಗೆ ಹೋಗುತ್ತಿತ್ತು. ನೀರಿನ ಈ ಸರದಿ ಊರಿನ ಗಣ್ಯತೆಯ ಸರದಿಯೂ ಹೌದು: ಮೇಲಿನ ತುದಿಯ ಕೇರಿಗೆ ಶುದ್ಧ ನೀರು, ಕೆಳಗಿನ ಕೇರಿಗೆ ಮಿಕ್ಕಿದ್ದು. ಕರೇಜ್ ಕೊರೆಸುವುದಕ್ಕೂ ದುರಸ್ತಿಗೂ ಹಣ ಬೇಕು. ಅದನ್ನು ಮೀರ್ ಅಥವಾ ಶ್ರೀಮಂತ ಮನೆತನ ವಕ್ಫ್ ಮೂಲಕ ಒದಗಿಸುತ್ತಿತ್ತು. ಪೇಟೆಯ ಅಂಗಡಿಗಳ ಬಾಡಿಗೆ ಮಸೀದಿಗೆ, ಮಸೀದಿಯ ವಿದ್ಯಾರ್ಥಿಗಳ ಊಟಕ್ಕೆ, ನೀರಿನ ದುರಸ್ತಿಗೆ ಸಲ್ಲುವಂತೆ ಕಟ್ಟುಮಾಡಿದ್ದರಿಂದ ಪೇಟೆ, ಮಸೀದಿ, ನೀರು ಮೂರೂ ಅಕ್ಕಪಕ್ಕ ಇರುವುದು ಆಕಸ್ಮಿಕವಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಬಾಗ್ದಾದ್ ಪ್ರತಿನಿಧಿ ಕ್ಲಾಡಿಯಸ್ ರಿಚ್ 1820ರಲ್ಲಿ ಸುಲೈಮಾನಿಯಾದಲ್ಲಿ ತಂಗಿದ್ದ. ಮಣ್ಣಿನ, ಚಪ್ಪಟೆ ಮಾಳಿಗೆಯ ತಗ್ಗು ಮನೆಗಳು ಅವನಿಗೆ ಬಡವಾಗಿ ಕಂಡವು. ಊರಿನ ದೊಡ್ಡವರ ಆತಿಥ್ಯ, ಮಾತುಗಾರಿಕೆ ಮಾತ್ರ ಅವನ ಮನ ಗೆದ್ದವು. ಆ ಮಾತು ನಡೆಯುತ್ತಿದ್ದುದು ದಿವಾನ್‌ಖಾನಾಗಳಲ್ಲಿ. ಮೀರನಿಗಷ್ಟೇ ಅಲ್ಲ, ಆಗಾ ಎನಿಸಿಕೊಂಡ ಒಡೆಯರ ಪ್ರತಿ ಮನೆತನಕ್ಕೂ ಇಂಥದೊಂದು ಅತಿಥಿಶಾಲೆ ಇರುತ್ತಿತ್ತು. ಓಣಿಯಿಂದ ನೇರ ಬಾಗಿಲು, ಮನೆಯ ಹೆಂಗಸರ ಭಾಗಕ್ಕೆ ಸಂಬಂಧವಿಲ್ಲದ ಕೋಣೆ. ಬುಡಕಟ್ಟಿನ ಹಿರಿಯ ಹಳ್ಳಿಯಿಂದ ಬಂದರೆ ತಂಗುವುದು ಅಲ್ಲೇ, ಜಗಳ ತೀರ್ಮಾನವಾಗುವುದು ಅಲ್ಲೇ, ಕವಿ ಹಾಡುವುದೂ ಅಲ್ಲೇ. ಬೆಟ್ಟದ ಬುಡಕಟ್ಟಿನ ರಾಜಕೀಯ ನಗರದೊಳಗೆ ಬಂದು ಕೂರುವ ಜಾಗ ಇದು. ಅರಬ್ ಅಥವಾ ಪರ್ಷಿಯನ್ ನಗರದ ಮನೆಯಿಂದ ಕುರ್ದಿಶ್ ಮನೆಯನ್ನು ಬೇರೆ ಮಾಡುವ ಅಂಶ ಹುಡುಕಿದರೆ ನಾನು ಇದನ್ನೇ ತೋರಿಸುತ್ತೇನೆ.

ಮಸೀದಿಗೆ ಸೇರಿದ ಹುಜ್ರಾ ಎಂಬ ಕೋಣೆಗಳಲ್ಲಿ ಫಕೇ ಎನಿಸಿಕೊಂಡ ವಿದ್ಯಾರ್ಥಿಗಳು ಓದುತ್ತಿದ್ದರು; ಕೇರಿಯ ಮನೆಗಳು ಸರದಿಯಂತೆ ಊಟ ಕೊಡುತ್ತಿದ್ದವು. ಖಾನಕಾ ಎಂಬ ಸೂಫಿ ಮಠಗಳು ಇನ್ನೊಂದು ಕೇಂದ್ರ. ಈ ಕಡೆಯ ಮೌಲಾನಾ ಖಾಲಿದ್ ದೆಹಲಿಗೆ ಹೋಗಿ ನಕ್ಷಬಂದಿ ಗುರು ಷಾ ಗುಲಾಮ್ ಅಲಿ ಅವರಲ್ಲಿ ಶಿಷ್ಯವೃತ್ತಿ ಮಾಡಿ 1811ರಲ್ಲಿ ಮರಳಿದರು. ಸುಲೈಮಾನಿಯಾದಲ್ಲಿ ಅವರಿಗಾಗಿ ಎದ್ದ ಖಾನಕಾ ಇಂದಿಗೂ ಇದೆ. ಮೀರ್‌ಗಳು ಇಲ್ಲವಾದ ಮೇಲೆ ಊರಿನ ನಾಯಕತ್ವ ಸೂಫಿ ಗುರುಗಳಾದ ಶೇಖ್‌ಗಳ ಕೈಗೆ ಹೋಗಲು ಈ ಖಾನಕಾಗಳೇ ಮೆಟ್ಟಿಲಾದವು.

ಯಾರ ಊರು?

ಕುರ್ದಿಶ್ ನಗರ ಎಂದರೆ ಕುರ್ದರು ಮಾತ್ರ ಇದ್ದ ಊರು ಎಂದು ತಿಳಿದರೆ ಅದರ ರಚನೆಯೇ ಅರ್ಥವಾಗುವುದಿಲ್ಲ. ಸುಲೈಮಾನಿಯಾದ ಜೂಲಕಾನ್ ಕೇರಿ ಯಹೂದಿಗಳದು. ಎರ್ಬಿಲ್‌ನಲ್ಲಿ ತುರ್ಕಮನ್ ಕುಟುಂಬಗಳು, ಅದರ ಪಕ್ಕದ ಅಂಕಾವಾದಲ್ಲಿ ಅರಾಮಿಕ್ ಮೂಲದ ಭಾಷೆಯಾಡುವ ಕ್ರೈಸ್ತರು. ಪೇಟೆಯ ಕಸುಬುಗಳೂ ಹೀಗೆಯೇ ಹಂಚಿಹೋಗಿದ್ದವು: ಅಕ್ಕಸಾಲೆ, ನೇಯ್ಗೆ, ಬಣ್ಣಗಾರಿಕೆಗಳಲ್ಲಿ ಯಹೂದಿಗಳು ಮತ್ತು ಕ್ರೈಸ್ತರು ಹೆಚ್ಚು. ಕೈಸರಿ ಎಂಬ ಮುಚ್ಚಿದ ಪೇಟೆಯಲ್ಲಿ ಬೆಲೆಬಾಳುವ ಬಟ್ಟೆ, ಒಡವೆಗಳು. ಅದಕ್ಕೆ ರಾತ್ರಿ ಬಾಗಿಲು ಹಾಕುತ್ತಿದ್ದರು. ಸದ್ದು, ಹೊಗೆ, ನಾತದ ಕಸುಬುಗಳಾದ ಕಮ್ಮಾರಿಕೆ, ಜೀನು ಹೊಲಿಯುವುದು, ಚರ್ಮ ಹದ ಮಾಡುವುದು ಹೊರಹೊರಗೆ ಸರಿಯುತ್ತ ಊರಂಚಿಗೆ ಬರುತ್ತಿದ್ದವು. ಹಳ್ಳಿಯವರು ಸರಕು ಇಳಿಸುವ ಜಾಗ, ಹೇಸರಗತ್ತೆಗಳನ್ನು ಕಟ್ಟುವ ಖಾನ್ ಎಂಬ ಛತ್ರಗಳು ಅಲ್ಲಿಯೇ.

ಈ ಹಲಜನರ ಬಾಳು ಕಲ್ಲಿನಲ್ಲಿ ಅಚ್ಚಾಗಿರುವುದು ಟರ್ಕಿಯ ದಿಯಾರ್‌ಬಕಿರ್‌ನಲ್ಲಿ. ಟೈಗ್ರಿಸ್ ನದಿಯ ಮೇಲಿನ ಕಪ್ಪು ಬಸಾಲ್ಟ್ ಪ್ರಸ್ಥಭೂಮಿಯ ಅಂಚಿನಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ಕೋಟೆಗೋಡೆ ಸುತ್ತುವರಿದ ಊರಿದು. ಗೋಡೆ ರೋಮನರ ಕಾಲದ್ದು. ಮುಂದೆ ಬಂದವರೆಲ್ಲ ದುರಸ್ತಿ ಮಾಡಿ ತಮ್ಮ ಶಾಸನ ಬರೆಸಿದರು. ಅವರಲ್ಲಿ ಹತ್ತು–ಹನ್ನೊಂದನೆಯ ಶತಮಾನದ ಕುರ್ದಿಶ್ ಮರ್ವಾನಿ ದೊರೆಗಳೂ ಇದ್ದಾರೆ. ನದಿಗೆ ಅಡ್ಡವಾಗಿ 1065ರಲ್ಲಿ ಎದ್ದ ಹತ್ತು ಕಮಾನಿನ ಸೇತುವೆ ಅವರ ಕಾಲದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಅವುಗಳನ್ನು ಸೇರಿಸುವ ಎರಡು ಅಡ್ಡಹಾಯುವ ಬೀದಿಗಳು. ಅವು ಕೂಡುವ ಕಡೆ 1091ರ ಹೊತ್ತಿಗೆ ಸೆಲ್ಜುಕ್ ಸುಲ್ತಾನ ಮಲಿಕ್‌ಷಾ ಪುನರ್ನಿರ್ಮಿಸಿದ ದೊಡ್ಡ ಮಸೀದಿ, ಎದುರಿಗೇ ಹದಿನಾರನೆಯ ಶತಮಾನದ ಹಸನ್ ಪಾಷಾ ಖಾನ್ ಎಂಬ ಛತ್ರ. ಓಣಿಗಳಲ್ಲಿ ಆರ್ಮೇನಿಯನ್ನರ ಸುರ್ಪ್ ಗಿರಾಗೋಸ್, ಸಿರಿಯಾಕ್ ಮತ್ತು ಚಾಲ್ಡಿಯನ್ ಇಗರ್ಜಿಗಳು. ಕೆಳಗೆ ಗೋಡೆಗೂ ನದಿಗೂ ನಡುವೆ ಹೆವ್ಸೆಲ್ ತೋಟಗಳು ಊರಿಗೆ ಹಣ್ಣು ತರಕಾರಿ ಒದಗಿಸುತ್ತ ಬಂದಿವೆ.

ಗೆರೆ ಎಳೆದವರು

1830ರ ದಶಕದಿಂದ ಒಟ್ಟೊಮನ್ನರೂ, ಸಫಾವಿಗಳ ನಂತರ ಬಂದ ಇರಾನಿನ ಅರಸರೂ ನೇರ ಆಡಳಿತಕ್ಕೆ ಕೈ ಹಾಕಿದರು. ಸೋರಾನರ ಮೀರ್ 1836ರಲ್ಲಿ, ಬೋತಾನರ ಬದಿರ್ಖಾನ್ 1847ರಲ್ಲಿ, ಬಾಬಾನರು 1850ರ ಆಸುಪಾಸಿನಲ್ಲಿ, ಅರ್ದಲಾನರು 1867ರಲ್ಲಿ ಗದ್ದುಗೆ ಕಳೆದುಕೊಂಡರು. ನಗರಗಳಲ್ಲಿ ಮೀರನ ಸರಾಯ್ ಇದ್ದಲ್ಲಿ ಸರ್ಕಾರಿ ಕಚೇರಿ, ಹತ್ತಿರದಲ್ಲಿ ಸೈನಿಕರ ಬ್ಯಾರಕ್ ಬಂದವು. ಊರಿನ ಭವಿಷ್ಯ ಊರಿನಲ್ಲಿ ನಿರ್ಧಾರವಾಗುವುದು ಅಲ್ಲಿಗೆ ನಿಂತಿತು. 1915ರಲ್ಲಿ ಆರ್ಮೇನಿಯನ್ನರನ್ನು, ಅವರೊಂದಿಗೆ ಅನೇಕ ಸಿರಿಯಾಕ್ ಕ್ರೈಸ್ತರನ್ನು ದಿಯಾರ್‌ಬಕಿರ್, ಬಿಟ್ಲಿಸ್‌ಗಳಿಂದ ಅಳಿಸಿಹಾಕಲಾಯಿತು. ಆ ಹತ್ಯೆಗಳಲ್ಲಿ ಕುರ್ದಿಶ್ ಪಡೆಗಳೂ ಪಾಲುಗೊಂಡಿದ್ದವು. 1950–51ರಲ್ಲಿ ಇರಾಕಿನ ಯಹೂದಿಗಳು ಹೋದರು. ಕೇರಿಗಳ ಹೆಸರು ಉಳಿದವು, ಕಸುಬುಗಳು ಹೋದವು.

ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಗಳಿಗೆ ಅಂಕುಡೊಂಕು ಓಣಿ ಹಿಂದುಳಿದಿರುವಿಕೆಯ ಗುರುತಾಗಿತ್ತು. ಇರಾನಿನಲ್ಲಿ ರೆಜಾ ಷಾ 1933ರಲ್ಲಿ ಬೀದಿ ವಿಸ್ತರಣೆಯ ಕಾನೂನು ತಂದ. ಅವನ ಪಹ್ಲವಿ ವಂಶದ ಕಾಲದ ನೇರ ಬೀದಿ ಸನಂದಜ್‌ನ ಆಯತಾಕಾರದ ಪೇಟೆಯನ್ನು ನಡುವೆ ಸೀಳಿ ಎರಡು ತುಂಡು ಮಾಡಿತು. ದಿಯಾರ್‌ಬಕಿರ್‌ನಲ್ಲಿ ಊರಿಗೆ ಗಾಳಿಯಾಡಲಿ ಎಂದು 1930ರ ದಶಕದಲ್ಲಿ ಉತ್ತರ ಬಾಗಿಲ ಬಳಿ ಗೋಡೆಯನ್ನು ಕೆಡವತೊಡಗಿದರು. ಫ್ರೆಂಚ್ ವಾಸ್ತುತಜ್ಞ ಆಲ್ಬರ್ಟ್ ಗೇಬ್ರಿಯಲ್ ವಿರೋಧಿಸಿದ್ದು ಉಳಿದ ಭಾಗವನ್ನು ಉಳಿಸಲು ನೆರವಾಯಿತು. ಎರ್ಬಿಲ್‌ನ ದಿಬ್ಬದ ಮೇಲೆ 1958ರಲ್ಲಿ 60ಕ್ಕೂ ಹೆಚ್ಚು ಮನೆಗಳನ್ನು ಕೆಡವಿ ಉತ್ತರ–ದಕ್ಷಿಣವಾಗಿ ನೇರ ರಸ್ತೆ ಹಾಯಿಸಿದರು. ಮೋಟಾರು ದಿಬ್ಬದ ಮೇಲೇರಲಿ ಎಂಬ ಒಂದು ಆಸೆಗೆ ಶತಮಾನಗಳ ಓಣಿಗಳ ಹೆಣಿಗೆ ಹರಿಯಿತು.

ಆದರೆ ನಗರಗಳನ್ನು ಅತಿ ಹೆಚ್ಚು ಬದಲಾಯಿಸಿದ್ದು ಹಳ್ಳಿಗಳ ನಾಶ. 1988ರ ಅನ್ಫಾಲ್ ಕಾರ್ಯಾಚರಣೆಯಲ್ಲಿ ಸದ್ದಾಂ ಆಡಳಿತ ಇರಾಕಿನ ಕುರ್ದಿಶ್ ಹಳ್ಳಿಗಳನ್ನು ಸಾಲು ಸಾಲಾಗಿ ನೆಲಸಮ ಮಾಡಿತು. 1989ರಲ್ಲಿ ಕಲಾ ದಿಜಾ ಎಂಬ ಇಡೀ ಪಟ್ಟಣವನ್ನೇ ಕೆಡವಿತು. ಬದುಕುಳಿದವರನ್ನು ಹೆದ್ದಾರಿಯ ಬದಿಯ ಚೌಕುಳಿ ನಕ್ಷೆಯ ವಸತಿಗಳಿಗೆ ತುಂಬಿದರು. ಆ ವಸತಿಗಳಲ್ಲಿ ಎಲ್ಲ ಬೀದಿಯೂ ನೇರ, ಎಲ್ಲ ಮನೆಯೂ ಬೀದಿಗೆ ತೆರೆದದ್ದು; ಕಾವಲು ಕಾಯಲು ಅನುಕೂಲ. ಸಂದಿಯಿಲ್ಲ, ದಿವಾನ್‌ಖಾನಾ ಇಲ್ಲ, ಪೇಟೆ ಇಲ್ಲ. ಊರಿನ ಆಕಾರದಿಂದಲೇ ಜನರ ಒಡನಾಟವನ್ನು ಮುರಿಯಬಹುದು ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಬೇಕಿಲ್ಲ. ಎರ್ಬಿಲ್, ಸುಲೈಮಾನಿಯಾಗಳು ನಿರಾಶ್ರಿತರಿಂದ ಉಬ್ಬಿದವು. 2003ರ ನಂತರ ತೈಲದ ಹಣ ಬಂದು ಎರ್ಬಿಲ್ ದಿಬ್ಬದ ಸುತ್ತ ಉಂಗುರ ಉಂಗುರವಾಗಿ ಬೆಳೆಯಿತು. ರಸ್ತೆಗಳಿಗೆ ಅವುಗಳ ಅಗಲವೇ ಹೆಸರು: 60 ಮೀಟರ್, 100 ಮೀಟರ್, 120 ಮೀಟರ್.

ಉಳಿಸಿಕೊಳ್ಳುವ ಪ್ರಯತ್ನಗಳು ಒಂದೇ ಬಗೆಯವಲ್ಲ. ಎರ್ಬಿಲ್‌ನ ದಿಬ್ಬದ ಮನೆಗಳಲ್ಲಿ ಕೊನೆಗೆ ಉಳಿದವರು ಬಹುತೇಕ ಬಡ ನಿರಾಶ್ರಿತರು. 2007ರಲ್ಲಿ ದುರಸ್ತಿಗಾಗಿ 840 ಕುಟುಂಬಗಳನ್ನು ಸ್ಥಳಾಂತರಿಸಿ, ವಾಸ ತುಂಡಾಗಬಾರದೆಂದು ಒಂದು ಕುಟುಂಬವನ್ನು ಮಾತ್ರ ಉಳಿಸಿಕೊಂಡರು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಅದು ಸೇರಿತು. ಕಟ್ಟಡಗಳ ದುರಸ್ತಿ ಶ್ರದ್ಧೆಯಿಂದ ನಡೆದಿದೆ. ಆದರೂ ಸಾವಿರಾರು ವರ್ಷ ಜನರ ವಾಸದಿಂದಲೇ ಎತ್ತರಕ್ಕೆ ಬೆಳೆದ ದಿಬ್ಬವನ್ನು ಜನರಿಲ್ಲದೆ ಕಾಪಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮನೆಗಳಿಗೆ ಕುಟುಂಬಗಳು ಮರಳದೆ ಆ ಕೆಲಸ ಮುಗಿದಂತಲ್ಲ.

ದಿಯಾರ್‌ಬಕಿರ್‌ನ ಕೋಟೆ ಮತ್ತು ಹೆವ್ಸೆಲ್ ತೋಟಗಳು 2015ರ ಜುಲೈನಲ್ಲಿ ಪಟ್ಟಿ ಸೇರಿದವು. ಕೆಲವೇ ತಿಂಗಳಲ್ಲಿ ಕೋಟೆಯೊಳಗಿನ ಸುರ್ ಭಾಗದಲ್ಲಿ ಟರ್ಕಿಯ ಸೈನ್ಯಕ್ಕೂ ಕುರ್ದಿಶ್ ಹೋರಾಟಗಾರರಿಗೂ ಕಾಳಗ ನಡೆಯಿತು. ಗುಂಡಿನಿಂದ ಹಾನಿಗೊಂಡ ನಾಲ್ಕು ಕಾಲಿನ ಮಿನಾರಿನ ಎದುರು ನಿಂತು, ಈ ಪರಂಪರೆಯ ನಡುವೆ ಬಂದೂಕು ಬೇಡವೆಂದು ಹೇಳಿಕೆ ನೀಡಿದ ವಕೀಲರ ಸಂಘದ ಅಧ್ಯಕ್ಷ ತಾಹಿರ್ ಎಲ್ಚಿ ನವೆಂಬರ್ 28ರಂದು ಅಲ್ಲಿಯೇ ಗುಂಡಿಗೆ ಬಲಿಯಾದರು. 2016ರಲ್ಲಿ ಸರ್ಕಾರ ಸುರ್‌ನ ಬಹುಪಾಲು ನಿವೇಶನಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಪೂರ್ವ ಭಾಗದ ಓಣಿಗಳು ನೆಲಸಮವಾಗಿ, ಅಗಲ ಬೀದಿಗಳ ಬದಿಗೆ ಬಸಾಲ್ಟ್ ಹೊದಿಸಿದ ಹೊಸ ಮನೆಗಳು ಎದ್ದವು. ಟೈಗ್ರಿಸ್‌ನಲ್ಲೇ ಕೆಳಗಿರುವ ಹಸನ್‌ಕೈಫ್ 2020ರ ಹೊತ್ತಿಗೆ ಇಲಿಸು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು.

ಇರಾನಿನ ಹವ್ರಾಮಾನ್ ಪ್ರದೇಶದಲ್ಲಿ ದಾರಿ ಬೇರೆಯಾಗಿದೆ. ಆಕ್ರೆಯಂತೆ ಮೆಟ್ಟಿಲಾಗಿ ಏರುವ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಅಲ್ಲಿನ ಊರುಗಳು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಮನೆಗಳಷ್ಟೇ ಅಲ್ಲ, ಹಂತಗದ್ದೆ, ಆಕ್ರೋಟು ತೋಟ, ಬೇಸಿಗೆಯ ಹುಲ್ಲುಗಾವಲಿನ ವಲಸೆ ಎಲ್ಲವನ್ನೂ ಒಟ್ಟಿಗೆ ಒಂದೇ ಪರಂಪರೆಯಾಗಿ ಗುರುತಿಸಲಾಯಿತು. ಅಲ್ಲಿನ ಹವ್ರಾಮಿ ಜನ ಆ ಮನೆಗಳಲ್ಲೇ ವಾಸವಾಗಿದ್ದಾರೆ. ಕೆಳಗಿನವರ ಮಾಳಿಗೆಯನ್ನು ಈಗಲೂ ಅಂಗಳವಾಗಿ ಬಳಸುತ್ತಿದ್ದಾರೆ.